ವಂಶಶೋಧ ಪ್ರಶ್ನೋತ್ತರ: ಒಂಬತ್ತು ವರ್ಷದ ‘ಸೊಸೆ’ಯ ಒಗಟು

ಪ್ರಶ್ನೆ: ನನ್ನ ತಾಯಿಯ ಕಡೆಯ ಹಿರಿಯರೊಬ್ಬರು ಇಂಗ್ಲೆಂಡಿನ ನಾರ್ಫೋಕ್ ಕೌಂಟಿಯಲ್ಲಿ ಹೊಲದ ಕೂಲಿಯಾಗಿದ್ದರು. 1841ರ ಜನಗಣತಿಯಲ್ಲಿ ಅವರ ವಯಸ್ಸು 25, ಹೆಂಡತಿ ಮೇರಿಯ ವಯಸ್ಸು 30. ಮೂರು ವರ್ಷದ ಮಗ, ಒಂದು ವರ್ಷದ ಮಗಳು. 1851ರಲ್ಲಿ ಅವರಿಗೆ 38, ಮೇರಿಗೆ 31. ಹಳೆಯ ಇಬ್ಬರು ಮಕ್ಕಳ ಜೊತೆಗೆ ನಾಲ್ಕು ಮತ್ತು ಎರಡು ವರ್ಷದ ಇನ್ನಿಬ್ಬರು ಗಂಡುಮಕ್ಕಳಿದ್ದಾರೆ. ಬೇರೆ ಮನೆತನದ ಹೆಸರಿರುವ ಒಂಬತ್ತು ವರ್ಷದ ಹುಡುಗಿಯೊಬ್ಬಳೂ ಇದ್ದಾಳೆ. ಅವಳ ಮುಂದೆ ‘ಡಾಟರ್-ಇನ್-ಲಾ’, ಅಂದರೆ ಸೊಸೆ, ಎಂದು ಬರೆದಿದೆ. 1861ರಲ್ಲಿ ಯಜಮಾನರ ವಯಸ್ಸು 46, ಹುಟ್ಟಿದ ಊರಿನ ಹೆಸರೂ ಬದಲಾಗಿದೆ. ನಾನು ಬೆನ್ನು ಹತ್ತಿರುವುದು ಒಂದೇ ಕುಟುಂಬವನ್ನೋ, ಬೇರೆಬೇರೆಯವರನ್ನೋ?

ಉತ್ತರ: ಯಜಮಾನರು ಒಬ್ಬರೇ, ಮೇರಿಯರು ಮಾತ್ರ ಇಬ್ಬರು ಎಂಬುದು ನನ್ನ ಅಂದಾಜು. ಅದು ಹೇಗೆಂದು ವಯಸ್ಸಿನಿಂದಲೇ ಆರಂಭಿಸೋಣ.

1841ರ ಜೂನ್ 6ರಂದು ನಡೆದ ಗಣತಿಯಲ್ಲಿ 15 ವರ್ಷ ದಾಟಿದವರ ವಯಸ್ಸನ್ನು ಕೆಳಗಿನ ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. ಎಲ್ಲರೂ ಅದನ್ನು ಪಾಲಿಸಲಿಲ್ಲವಾದರೂ 25 ಎಂಬ ಅಂಕಿ ಕಂಡಾಗ 25ರಿಂದ 29ರವರೆಗೆ ಏನಾದರೂ ಆಗಿರಬಹುದೆಂದು ಓದಿಕೊಳ್ಳಬೇಕು. ಹಾಗೆ ಓದಿದರೆ ನಿಮ್ಮ ಹಿರಿಯರು 1811ರ ನಡುವಿನಿಂದ 1816ರ ನಡುವಿನೊಳಗೆ ಹುಟ್ಟಿದವರಾಗುತ್ತಾರೆ. 1851ರ 38ನ್ನು ಹಿಂದಕ್ಕೆ ಎಣಿಸಿದರೆ 1812–13, 1861ರ 46ನ್ನು ಎಣಿಸಿದರೆ 1814–15. ಎರಡೂ ಆ ಮಿತಿಯೊಳಗೇ ಬೀಳುತ್ತವೆ. ಉಳಿದ ಎರಡು ವರ್ಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತನ್ನ ಹುಟ್ಟಿದ ದಿನವನ್ನು ಯಾರಿಗೂ ಹೇಳಬೇಕಾಗಿ ಬಾರದೆ ಬದುಕಿದ ಕೂಲಿಕಾರನಿಗೆ ತನ್ನ ವಯಸ್ಸು ಅಂದಾಜಿನ ವಿಷಯವೇ ಆಗಿತ್ತು. ಅದನ್ನು ಹೇಳಿದವನು ಅವನೇ ಆಗಿರಬೇಕೆಂದೂ ಇಲ್ಲ.

ಮೇರಿಯ ಲೆಕ್ಕ ಹೀಗೆ ಕೂಡುವುದಿಲ್ಲ. 1841ರಲ್ಲಿ 30 ಎಂದರೆ ಕನಿಷ್ಠ 30, ಹೆಚ್ಚೆಂದರೆ 34. 1851ರ ಮಾರ್ಚ್ 30ರ ಹೊತ್ತಿಗೆ ಆಕೆಗೆ 39ಕ್ಕೆ ಕಡಿಮೆ ಇರಲು ಸಾಧ್ಯವಿಲ್ಲ. ವಯಸ್ಸನ್ನು ಒಂದೆರಡು ವರ್ಷ ಕದಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ, ಆದರೆ ಹತ್ತು ವರ್ಷದಲ್ಲಿ ಒಂದೇ ವರ್ಷ ದೊಡ್ಡವರಾಗುವವರು ಅಪರೂಪ. ಮೇರಿ ಎಂಬುದು ಆ ಕಾಲದ ಇಂಗ್ಲೆಂಡಿನಲ್ಲಿ ಅತಿ ಸಾಮಾನ್ಯ ಹೆಸರುಗಳಲ್ಲೊಂದಾಗಿದ್ದುದರಿಂದ, ಮೊದಲನೆಯವಳು ತೀರಿಕೊಂಡ ಮೇಲೆ ಮನೆಗೆ ಬಂದವಳೂ ಮೇರಿಯೇ ಆಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೆಸರು ಒಂದೇ ಇದ್ದಾಗ ಹೆಂಡತಿಯೂ ಒಬ್ಬಳೇ ಎಂದುಕೊಂಡು, ಎರಡನೆಯವಳ ತವರನ್ನು ಮೊದಲನೆಯವಳ ಮಕ್ಕಳಿಗೆ ಅಂಟಿಸಿಬಿಡುವುದು ವಂಶವೃಕ್ಷಗಳಲ್ಲಿ ನಾನು ಮತ್ತೆಮತ್ತೆ ಕಾಣುವ ತಪ್ಪು.

ಇದಕ್ಕೆ ದೊಡ್ಡ ಆಧಾರ ನಿಮ್ಮ ಒಂಬತ್ತು ವರ್ಷದ ‘ಸೊಸೆ’. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿ ‘ಇನ್-ಲಾ’ ಎಂಬ ಬಾಲಕ್ಕೆ ಇಂದಿಗಿಂತ ಅಗಲವಾದ ಅರ್ಥವಿತ್ತು. ಹೆಂಡತಿಯ ಅಥವಾ ಗಂಡನ ಹಿಂದಿನ ಮದುವೆಯ ಮಕ್ಕಳನ್ನೂ ಹಾಗೆಯೇ ಕರೆಯುತ್ತಿದ್ದರು. ಆದ್ದರಿಂದ ಈ ಹುಡುಗಿ ಸೊಸೆಯಲ್ಲ, ಮಲಮಗಳು. ಎರಡನೆಯ ಮೇರಿ ವಿಧವೆಯಾಗಿ ಈ ಮನೆಗೆ ಬಂದಳು, ಬರುವಾಗ ಮೊದಲ ಗಂಡನಿಂದಾದ ಮಗಳನ್ನು ಕರೆತಂದಳು ಎಂದು ಆ ಒಂದು ಸಾಲು ಹೇಳುತ್ತಿದೆ. ಹುಡುಗಿಯ ಹೆಸರಿನ ಕೊನೆಯಲ್ಲಿರುವ ಬೇರೆ ಮನೆತನದ ಹೆಸರು ಆ ಮೊದಲ ಗಂಡನದು. ಹುಡುಗಿ ಮದುವೆಗೆ ಮುಂಚೆ ಹುಟ್ಟಿದವಳಾದರೆ ಆ ಹೆಸರು ಮೇರಿಯ ತವರಿನದೇ ಆಗಿರುವ ಸಾಧ್ಯತೆಯೂ ಇದೆ, ಅದನ್ನು ಮರೆಯಬೇಡಿ.

ವಿಧವೆಯು ಮರುಮದುವೆಯಾಗುವಾಗ ರಿಜಿಸ್ಟರಿನಲ್ಲಿ ಬೀಳುತ್ತಿದ್ದುದು ತೀರಿಕೊಂಡ ಗಂಡನ ಮನೆತನದ ಹೆಸರು. ಹೀಗಾಗಿ ವಧುವಿನ ಹೆಸರು ಈಗಾಗಲೇ ನಿಮ್ಮ ಕೈಯಲ್ಲಿದೆ. ಮದುವೆ ನಡೆದಿರಬಹುದಾದ ಅವಧಿಯೂ ಚಿಕ್ಕದೇ: 1841ರ ಜೂನ್‌ನಲ್ಲಿ ಮೊದಲ ಮೇರಿ ಬದುಕಿದ್ದಳು, 1851ರಲ್ಲಿ ನಾಲ್ಕು ವರ್ಷದವನಾಗಿದ್ದ ಮಗ 1846ರ ಮಾರ್ಚ್ ಕೊನೆಯಿಂದ 1847ರ ಮಾರ್ಚ್ ಕೊನೆಯೊಳಗೆ ಹುಟ್ಟಿದವನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರ ಜುಲೈ 1ರಿಂದ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಆರಂಭವಾಗಿ, ಪ್ರತಿ ಮೂರು ತಿಂಗಳಿಗೊಂದು ಸೂಚಿ ತಯಾರಾಗುತ್ತಿತ್ತು. ಆ ಕಾಲದ ಮದುವೆ ಸೂಚಿಯಲ್ಲಿ ಗಂಡಹೆಂಡಿರ ಹೆಸರುಗಳು ಜೊತೆಯಲ್ಲಿರುವುದಿಲ್ಲ. ಇಬ್ಬರ ಹೆಸರನ್ನೂ ಬೇರೆಬೇರೆಯಾಗಿ ಹುಡುಕಿ, ಜಿಲ್ಲೆ, ತ್ರೈಮಾಸಿಕ, ಸಂಪುಟ, ಪುಟ ಈ ನಾಲ್ಕೂ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಸ್ವಯಂಸೇವಕರು ನಕಲು ಮಾಡಿರುವ ‘ಫ್ರೀಬಿಎಂಡಿ’ ಜಾಲತಾಣದಲ್ಲಿ ಇದನ್ನು ಖರ್ಚಿಲ್ಲದೆ ಮಾಡಬಹುದು. ಒಂದೇ ಪುಟದಲ್ಲಿ ಒಂದಕ್ಕಿಂತ ಹೆಚ್ಚು ಜೋಡಿಗಳಿರುವುದರಿಂದ ಪುಟ ಕೂಡಿದ ಮಾತ್ರಕ್ಕೆ ಇವರಿಬ್ಬರೇ ಮದುವೆಯಾದರೆಂದು ತೀರ್ಮಾನಿಸಬಾರದು, ಮೂಲ ನಮೂದಿನ ನಕಲನ್ನು ತರಿಸಲೇಬೇಕು.

ಆ ನಕಲು ಬಂದಾಗ ನಿಧಾನವಾಗಿ ಓದಿ. ವಯಸ್ಸಿನ ಅಂಕಣದಲ್ಲಿ ಅಂಕಿಯ ಬದಲು ‘ಫುಲ್ ಏಜ್’ ಎಂದಿದ್ದರೆ 21 ತುಂಬಿದೆ ಎಂದಷ್ಟೇ ಅರ್ಥ. ಮುಂದಿನ ಅಂಕಣದಲ್ಲಿ ವಿಧುರ, ವಿಧವೆ ಎಂದಿದ್ದರೆ ನಮ್ಮ ಊಹೆ ಗಟ್ಟಿಯಾಗುತ್ತದೆ. ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಮೇರಿಯ ತಂದೆಯ ಹೆಸರಿನಿಂದ ಅವಳ ತವರಿನ ಹೆಸರು ಸಿಗುತ್ತದೆ. ತಂದೆಯ ಹೆಸರಿನ ಮುಂದೆ ‘ಮೃತ’ ಎಂದು ಬರೆಯದಿದ್ದರೆ ಆತ ಬದುಕಿದ್ದನೆಂದು ತಿಳಿಯಬೇಡಿ, ಎಷ್ಟೋ ಪಾದ್ರಿಗಳು ಅದನ್ನು ಕೇಳುತ್ತಲೇ ಇರಲಿಲ್ಲ. ರುಜುವಿನ ಜಾಗದಲ್ಲಿ ಗುಣಿಸುವ ಚಿಹ್ನೆಯಂಥ ಗುರುತಿದ್ದರೆ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಿದ್ದ ಮೇಲೆ ಅವರ ಹೆಸರಿನ ಕಾಗುಣಿತ ಪಾದ್ರಿಯ ಕಿವಿಗೆ ಬಿದ್ದಂತೆ ಇದೆಯೆಂದೇ ಭಾವಿಸಬೇಕು. ಸಾಕ್ಷಿಗಳಲ್ಲಿ ಒಡಹುಟ್ಟಿದವರಿರುವುದು ಹೆಚ್ಚು, ಆದರೆ ರಿಜಿಸ್ಟರಿನ ಹಿಂದಿನ ಮುಂದಿನ ಪುಟಗಳಲ್ಲೂ ಅದೇ ಹೆಸರು ಸಾಕ್ಷಿಯಾಗಿ ಬರುತ್ತಿದ್ದರೆ ಆತ ನಿಮ್ಮ ಬಂಧುವಲ್ಲ, ಚರ್ಚಿನ ಗುಮಾಸ್ತ.

ದುಡ್ಡು ಖರ್ಚು ಮಾಡುವ ಮೊದಲು ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಇಂಗ್ಲೆಂಡಿನ ಜನರಲ್ ರಿಜಿಸ್ಟರ್ ಆಫೀಸು ತನ್ನ ಜಾಲತಾಣದಲ್ಲಿ ಕೊಟ್ಟಿರುವ ಜನನ ಸೂಚಿಯಲ್ಲಿ 1837ರಿಂದಲೇ ತಾಯಿಯ ತವರು ಮನೆತನದ ಹೆಸರು ಸಿಗುತ್ತದೆ. ಹಳೆಯ ಮುದ್ರಿತ ಸೂಚಿಗಳಲ್ಲಿ ಇದು 1911ಕ್ಕೆ ಮುಂಚೆ ಇರಲಿಲ್ಲ. ದೊಡ್ಡ ಮಕ್ಕಳಿಬ್ಬರಿಗೆ ಒಂದು ಹೆಸರು, ಚಿಕ್ಕವರಿಬ್ಬರಿಗೆ ಇನ್ನೊಂದು ಹೆಸರು ಕಂಡರೆ ಇಬ್ಬರು ತಾಯಂದಿರೆಂಬುದು ಅಲ್ಲಿಗೇ ಇತ್ಯರ್ಥವಾಯಿತು. ಎರಡು ಬಾರಿ ಮದುವೆಯಾದ ತಾಯಿಯಾದರೆ ಮಗುವಿನ ಜನನ ಪತ್ರದಲ್ಲಿ ಅವಳ ಹಿಂದಿನ ಗಂಡನ ಮನೆತನದ ಹೆಸರೂ ತವರಿನ ಹೆಸರೂ ಒಂದರ ಹಿಂದೆ ಒಂದು ಬರುವುದುಂಟು, ಅದು ಸಿಕ್ಕರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಆದರೆ 1875ಕ್ಕೆ ಮುಂಚೆ ಜನನವನ್ನು ತಾವೇ ಹೋಗಿ ನೋಂದಾಯಿಸುವ ಹೊಣೆ ತಂದೆತಾಯಿಯರ ಮೇಲೆ ಬಿಗಿಯಾಗಿ ಬಿದ್ದಿರಲಿಲ್ಲವಾದ್ದರಿಂದ ಕೆಲವು ಮಕ್ಕಳು ಸೂಚಿಯಲ್ಲಿ ಇರುವುದೇ ಇಲ್ಲ. ಅಂಥವರಿಗೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರೇ ಗತಿ.

ಇನ್ನು ಹುಟ್ಟೂರಿನ ಮಾತು. 1841ರಲ್ಲಿ ಕೇಳಿದ್ದು ಇದೇ ಕೌಂಟಿಯಲ್ಲಿ ಹುಟ್ಟಿದವರೇ, ಇಲ್ಲವೆಂದರೆ ಸ್ಕಾಟ್ಲೆಂಡ್, ಐರ್ಲೆಂಡ್ ಅಥವಾ ಪರದೇಶದಲ್ಲಿ ಹುಟ್ಟಿದವರೇ ಎಂಬುದನ್ನಷ್ಟೇ. ಊರಿನ ಹೆಸರು 1851ರಿಂದ ಬರುತ್ತದೆ. ಎರಡು ಗಣತಿಗಳಲ್ಲಿ ಎರಡು ಊರು ಕಂಡಾಗ ಮೊದಲು ನಕಾಶೆ ತೆರೆಯಿರಿ. ಒಂದು ಪುಟ್ಟ ಹಳ್ಳಿ, ಇನ್ನೊಂದು ಅದರ ಪಕ್ಕದ ಸಂತೆಯ ಊರು ಆಗಿದ್ದರೆ ಎರಡೂ ನಿಜವೇ. ಎರಡೂ ಪ್ಯಾರಿಷ್‌ಗಳ, ಅಂದರೆ ಆಯಾ ಚರ್ಚಿನ ವ್ಯಾಪ್ತಿಗಳ, ರಿಜಿಸ್ಟರುಗಳಲ್ಲಿ 1811ರಿಂದ 1816ರವರೆಗೆ ಅವರ ದೀಕ್ಷಾಸ್ನಾನವನ್ನು ಹುಡುಕಿ. ನಾರ್ಫೋಕ್‌ನ ರಿಜಿಸ್ಟರುಗಳು ನಾರಿಚ್ ನಗರದ ನಾರ್ಫೋಕ್ ರೆಕಾರ್ಡ್ ಆಫೀಸಿನಲ್ಲಿವೆ. 1813ರ ಜನವರಿಯಿಂದ ಮುದ್ರಿತ ನಮೂನೆ ಕಡ್ಡಾಯವಾಗಿ, ತಂದೆತಾಯಿಯರ ಹೆಸರು, ವಾಸಸ್ಥಳ, ತಂದೆಯ ಕಸುಬು ಒಂದೇ ಕ್ರಮದಲ್ಲಿ ಸಿಗುತ್ತವೆ. ಅದಕ್ಕೂ ಹಿಂದಿನದು ಪಾದ್ರಿಯ ಮನಸ್ಸಿಗೆ ಬಂದಂತೆ. ಮೂಲ ರಿಜಿಸ್ಟರು ಹಾಳಾಗಿದ್ದರೆ, ಬಿಷಪ್ಪರ ಕಚೇರಿಗೆ ವರ್ಷಕ್ಕೊಮ್ಮೆ ಕಳಿಸುತ್ತಿದ್ದ ಪ್ರತಿಗಳನ್ನು ನೋಡಿ.

ಕೊನೆಗೊಂದು ಎಚ್ಚರಿಕೆ. ನೀವು ನೋಡುತ್ತಿರುವ 1851ರ ಪುಟ ಮನೆಯವರು ತುಂಬಿದ ಕಾಗದವಲ್ಲ. ಗಣತಿದಾರ ಆ ಕಾಗದಗಳನ್ನು ಮನೆಮನೆಯಿಂದ ಒಟ್ಟುಮಾಡಿ ತನ್ನ ಪುಸ್ತಕಕ್ಕೆ ಇಳಿಸಿಕೊಂಡ ನಕಲು. ಮೂಲ ಕಾಗದಗಳನ್ನು ಆಮೇಲೆ ನಾಶಮಾಡಿದರು. ಆ ಪುಸ್ತಕ ಲಂಡನ್ನಿಗೆ ಹೋದ ಮೇಲೆ ಅಲ್ಲಿನ ಗುಮಾಸ್ತರು ಒಟ್ಟು ಲೆಕ್ಕ ಹಾಕುತ್ತ ವಯಸ್ಸಿನ ಅಂಕಿಗಳ ಮೇಲೆಯೇ ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ 1 ಕೆಲವೊಮ್ಮೆ 4ರಂತೆ, 3 ಕೆಲವೊಮ್ಮೆ 8ರಂತೆ ಕಾಣುತ್ತದೆ. ಮೇರಿಯ 31 ನಿಜವಾಗಿ 31ಯೇ, ಅಥವಾ 41ರ ಮೇಲೆ ಗೀಟು ಬಿದ್ದಿದೆಯೇ ಎಂದು ಚಿತ್ರವನ್ನು ಹಿಗ್ಗಿಸಿ ನೋಡಿ, ಅದೇ ಪುಟದ ಬೇರೆ 3 ಮತ್ತು 4ಗಳೊಂದಿಗೆ ಹೋಲಿಸಿ. ಅದು 41 ಆಗಿದ್ದರೆ ನಾನು ಇಲ್ಲಿಯವರೆಗೆ ಕಟ್ಟಿದ ವಾದದ ಒಂದು ಕಂಬ ಬೀಳುತ್ತದೆ. ಆದರೂ ಮಲಮಗಳು ಉಳಿಯುತ್ತಾಳೆ, ಆಕೆಗೆ ಬೇರೆ ವಿವರಣೆ ಹುಡುಕುವುದು ಕಷ್ಟ.

ಪ್ರಶ್ನೆ: ನಮ್ಮ ಪೂರ್ವಜರೊಬ್ಬರು 1849ರ ಆಗಸ್ಟ್‌ನಲ್ಲಿ ಲಂಡನ್ನಿನ ಸದರ್ಕ್ ಪ್ರದೇಶದಲ್ಲಿ ಕಾಲರಾದಿಂದ ತೀರಿಕೊಂಡರೆಂದು ಮರಣ ಪತ್ರದಲ್ಲಿದೆ. ಸಮಾಧಿ ಮಾತ್ರ ಎಲ್ಲಿಯೂ ಸಿಗುತ್ತಿಲ್ಲ. ಅವರಿದ್ದ ಬೀದಿಯ ಚರ್ಚಿನ ರಿಜಿಸ್ಟರಿನಲ್ಲೂ ಹೆಸರಿಲ್ಲ.

ಉತ್ತರ: ಆ ಬೇಸಿಗೆಯಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಬಡಾವಣೆಗಳನ್ನು ಕಾಲರಾ ಎಲ್ಲಕ್ಕಿಂತ ಹೆಚ್ಚು ಕಾಡಿತು, 1848–49ರ ಆ ಪಿಡುಗಿನಲ್ಲಿ ಲಂಡನ್ ಒಂದರಲ್ಲೇ ಸುಮಾರು 14,000 ಜನ ಸತ್ತರು. ಚರ್ಚಿನ ಅಂಗಳಗಳು ಅದಕ್ಕೂ ಮುಂಚೆಯೇ ತುಂಬಿ ತುಳುಕುತ್ತಿದ್ದವು. ಅಂಥ ಹೊತ್ತಿನಲ್ಲಿ ಶವವನ್ನು ಮನೆಯ ಪಕ್ಕದ ಚರ್ಚಿಗೇ ಒಯ್ದರೆಂದು ನಂಬಿಕೊಂಡು ಕೂರುವುದಕ್ಕಿಂತ ಹುಡುಕಾಟದ ವೃತ್ತವನ್ನು ಹಿಗ್ಗಿಸುವುದೇ ಸರಿ.

ಮೊದಲು ಸುತ್ತಲಿನ ಪ್ಯಾರಿಷ್‌ಗಳು. ಸದರ್ಕ್ ಆಗ ಸರ್ರೆ ಕೌಂಟಿಗೆ ಸೇರಿತ್ತು, ಲಂಡನ್ ಕೌಂಟಿ ರಚನೆಯಾದದ್ದು 1889ರಲ್ಲಿ. ಆದ್ದರಿಂದ ಹುಡುಕುವಾಗ ‘ಲಂಡನ್’ ಎಂದು ಮಾತ್ರ ಕೊಟ್ಟರೆ ಕೆಲವು ಸೂಚಿಗಳಲ್ಲಿ ನಿಮ್ಮವರು ಜಾರಿಹೋಗುತ್ತಾರೆ. ಆಮೇಲೆ ಕಂಪನಿಗಳು ನಡೆಸುತ್ತಿದ್ದ ಖಾಸಗಿ ಸ್ಮಶಾನಗಳು. 1833ರಲ್ಲಿ ಕೆನ್ಸಲ್ ಗ್ರೀನ್ ತೆರೆದ ಮೇಲೆ ಎಂಟು ವರ್ಷಗಳಲ್ಲಿ ನಗರದ ಸುತ್ತ ಅಂಥ ಇನ್ನೂ ಆರು ಹುಟ್ಟಿಕೊಂಡವು. ನಿಮ್ಮವರಿಗೆ ಹತ್ತಿರದವು 1837ರಲ್ಲಿ ಆರಂಭವಾದ ನಾರ್‌ವುಡ್ ಮತ್ತು 1840ರ ನನ್‌ಹೆಡ್. ಅವರು ಆಂಗ್ಲಿಕನ್ ಪಂಥಕ್ಕೆ ಸೇರದ ಪ್ರಾಟೆಸ್ಟೆಂಟರಾಗಿದ್ದರೆ 1854ರವರೆಗೆ ಬಳಕೆಯಲ್ಲಿದ್ದ ಬನ್‌ಹಿಲ್ ಫೀಲ್ಡ್ಸ್ ಸ್ಮಶಾನವನ್ನೂ ನೋಡಿ. ಚರ್ಚಿನ ಅಂಗಳಗಳನ್ನು ಮುಚ್ಚಿಸುವ ಕಾನೂನುಗಳು ಬಂದದ್ದು 1852ರಿಂದ ಈಚೆಗೆ, ಅವು ನಿಮ್ಮವರ ಕಾಲಕ್ಕೆ ಅನ್ವಯಿಸುವುದಿಲ್ಲ.

ಸಿಕ್ಕಿದಾಗ ನಿರೀಕ್ಷೆ ದೊಡ್ಡದಿರಬಾರದು. 1813ರ ನಂತರದ ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಪುಟಕ್ಕೆ ಎಂಟು ಹೆಸರು. ಹೆಸರು, ವಾಸಸ್ಥಳ, ಹೂಳಿದ ದಿನ, ವಯಸ್ಸು, ಪ್ರಾರ್ಥನೆ ನಡೆಸಿದ ಪಾದ್ರಿಯ ರುಜು, ಅಷ್ಟೇ. ಗಂಡ, ಹೆಂಡತಿ, ಮಗ ಎಂಬ ಸಂಬಂಧಗಳಿಗೆ ಅಲ್ಲಿ ಅಂಕಣವೇ ಇಲ್ಲ. ಆದ್ದರಿಂದ ನಿಮ್ಮ ಕೈಯಲ್ಲಿರುವ ಮರಣ ಪತ್ರದ ಬೀದಿಯ ಹೆಸರೂ ವಯಸ್ಸೂ ಮುಖ್ಯ. ಸಾವಿನ ದಿನದಿಂದ ಒಂದು ವಾರದೊಳಗೆ ಅದೇ ಬೀದಿಯ, ಅದೇ ವಯಸ್ಸಿನ, ಹತ್ತಿರದ ಕಾಗುಣಿತದ ಹೆಸರು ಕಂಡರೆ ಅದು ಅವರೇ ಎನ್ನಬಹುದು. ಖಾಸಗಿ ಸ್ಮಶಾನದ ಪುಸ್ತಕ ಇದಕ್ಕಿಂತ ಉದಾರಿ, ಸಮಾಧಿಯ ಸಂಖ್ಯೆಯನ್ನೂ ಕೊಡುತ್ತದೆ. ಆ ಸಂಖ್ಯೆಯಲ್ಲಿ ಮತ್ತೆ ಯಾರ್ಯಾರನ್ನು ಹೂಳಿದ್ದಾರೆಂದು ಕೇಳಿ. ಸ್ವಂತ ಜಾಗ ಕೊಂಡಿದ್ದರೆ ಒಂದು ಕುಟುಂಬವೇ ಅಲ್ಲಿ ಸಿಗುತ್ತದೆ. ಬಡವರ ಸಾಮಾನ್ಯ ಗುಂಡಿಯಾಗಿದ್ದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹಲವರು ಒಂದರ ಮೇಲೊಂದು ಮಲಗಿರುತ್ತಾರೆ. ಅಂಥ ಗುಂಡಿಗಳ ಮೇಲೆ ಕಲ್ಲು ನೆಡುತ್ತಿರಲಿಲ್ಲ, ನೀವು ಹುಡುಕುತ್ತಿರುವ ಕಲ್ಲು ಎಂದೂ ಇದ್ದಿರಲಾರದು.

ಮರಣ ಪತ್ರದ ಕೊನೆಯ ಭಾಗದಲ್ಲಿ ಸಾವಿನ ಸುದ್ದಿ ಕೊಟ್ಟವರ ರುಜುವಿರುತ್ತದೆ, ಅದನ್ನು ಜನ ಓದದೆ ಬಿಡುತ್ತಾರೆ. ಇಂಗ್ಲೆಂಡಿನ ಮರಣ ಪತ್ರದಲ್ಲಿ ಸತ್ತವರ ತಂದೆತಾಯಿಯರ ಹೆಸರಿರುವುದಿಲ್ಲವಾದ್ದರಿಂದ ಬಂಧುಗಳ ಸುಳಿವು ಸಿಗುವುದಿದ್ದರೆ ಅಲ್ಲಿಯೇ. (ಸ್ಕಾಟ್ಲೆಂಡ್ ಬೇರೆ, ಅಲ್ಲಿ 1855ರಲ್ಲಿ ನೋಂದಣಿ ಆರಂಭವಾದಾಗಿನಿಂದ ಮರಣ ಪತ್ರದಲ್ಲಿ ತಂದೆತಾಯಿ ಇಬ್ಬರನ್ನೂ ಹೆಸರಿಸುವ ಪದ್ಧತಿ ಇದೆ. ಆ ಭಾಗ್ಯ ನಿಮಗಿಲ್ಲ.)

ಪ್ರಶ್ನೆ: 1868ರ ಮದುವೆ ಪತ್ರವೊಂದರಲ್ಲಿ ವರನ ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ. ಇದರ ಅರ್ಥವೇನು?

ಉತ್ತರ: ಬಹುಮಟ್ಟಿಗೆ, ತಾಯಿ ಮದುವೆಯಾಗದೆ ಹೆತ್ತ ಮಗ ಎಂದರ್ಥ. ಎಳೆತನದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಹೆಸರೇ ತಿಳಿಯದವರೂ ಹೀಗೆ ಗೆರೆ ಎಳೆಸಿಕೊಂಡದ್ದಿದೆ. ನನ್ನ ಮಟ್ಟಿಗೆ ಈ ಗೆರೆ ಪ್ರಾಮಾಣಿಕ ನಮೂದು, ಏಕೆಂದರೆ ನಾಚಿಕೆಗೆ ಅಂಜಿ ತಾತನ ಹೆಸರನ್ನೋ, ಮಲತಂದೆಯ ಹೆಸರನ್ನೋ, ಕೆಲವರು ಹುಟ್ಟೇ ಇಲ್ಲದ ಒಬ್ಬ ಮನುಷ್ಯನ ಹೆಸರನ್ನೋ ಬರೆಸಿ, ನೂರೈವತ್ತು ವರ್ಷದ ನಂತರ ನಮ್ಮಂಥವರನ್ನು ದಾರಿ ತಪ್ಪಿಸಿದ್ದಾರೆ.

ನಿಮ್ಮವರ ಜನನ ಪತ್ರ, ದೀಕ್ಷಾಸ್ನಾನದ ನಮೂದು ಎರಡನ್ನೂ ತರಿಸಿ. ಒಂದರಲ್ಲಿ ಖಾಲಿ ಬಿಟ್ಟದ್ದನ್ನು ಇನ್ನೊಂದರಲ್ಲಿ ಬರೆದಿರುವುದುಂಟು. ನಡುವಿನ ಹೆಸರು ಮನೆತನದ ಹೆಸರಿನಂತೆ ಕೇಳಿಸಿದರೆ ಅದು ತಂದೆಯದಾಗಿರಬಹುದು. 1844ರ ನಂತರ ಅವಿವಾಹಿತ ತಾಯಿ ಮಗುವಿನ ಪೋಷಣೆಗಾಗಿ ತಂದೆಯ ವಿರುದ್ಧ ಸ್ಥಳೀಯ ಮ್ಯಾಜಿಸ್ಟ್ರೇಟರಲ್ಲಿ ತಾನೇ ಅರ್ಜಿ ಹಾಕಬಹುದಾಗಿತ್ತು. ಆ ನ್ಯಾಯಾಲಯಗಳ ಕಡತ ಉಳಿದಿದ್ದರೆ ಕೌಂಟಿಯ ದಾಖಲೆ ಕಚೇರಿಯಲ್ಲಿರುತ್ತದೆ. ಉಳಿಯದಿದ್ದರೂ ಆ ವಾರದ ಸ್ಥಳೀಯ ಪತ್ರಿಕೆ ಅದನ್ನು ಹೆಸರು ಸಮೇತ ಅಚ್ಚು ಹಾಕಿರಬಹುದು.

ಪ್ರಶ್ನೆ: ನಮ್ಮ ಹಿರಿಯರು ಐರ್ಲೆಂಡಿನವರು. 1851ರ ಜನಗಣತಿಯಲ್ಲಿ ಅವರನ್ನು ಹುಡುಕುವುದು ಹೇಗೆ?

ಉತ್ತರ: ಹೆಚ್ಚಿನ ಕುಟುಂಬಗಳ ಮಟ್ಟಿಗೆ ಅದು ಸಾಧ್ಯವಿಲ್ಲ. 1821ರಿಂದ 1851ರವರೆಗಿನ ನಾಲ್ಕು ಗಣತಿಗಳ ಬಹುಪಾಲು 1922ರ ಜೂನ್ ಕೊನೆಯಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ಬೆಂಕಿಯಲ್ಲಿ ಸುಟ್ಟುಹೋಯಿತು. 1861 ಮತ್ತು 1871ರ ಕಾಗದಗಳನ್ನು ಸರ್ಕಾರವೇ ಎಣಿಕೆ ಮುಗಿದ ಮೇಲೆ ಇಟ್ಟುಕೊಳ್ಳಲಿಲ್ಲ. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾದವು. ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದಿರುವುದು 1901 ಮತ್ತು 1911; ಅವನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಹಣವಿಲ್ಲದೆ ನೋಡಬಹುದು.

ಹಾಗಾಗಿ ಮೊದಲು ಸುತ್ತುದಾರಿ ಹಿಡಿಯಿರಿ. 1847ರಿಂದ 1864ರೊಳಗೆ ಆಸ್ತಿ ತೆರಿಗೆಗಾಗಿ ತಯಾರಾದ ಗ್ರಿಫಿತ್ ಮೌಲ್ಯಮಾಪನದಲ್ಲಿ ಜಮೀನು ಅಥವಾ ಮನೆ ಹಿಡಿದವರ ಹೆಸರಿದೆ, ಹೆಂಡತಿ ಮಕ್ಕಳಿಲ್ಲ. ಕ್ಯಾಥೊಲಿಕರಲ್ಲದವರ ಮದುವೆಗಳ ಸರ್ಕಾರಿ ನೋಂದಣಿ 1845ರಲ್ಲಿ, ಉಳಿದೆಲ್ಲದರದು 1864ರಲ್ಲಿ ಆರಂಭವಾಯಿತು. ಕ್ಯಾಥೊಲಿಕ್ ಚರ್ಚುಗಳ ರಿಜಿಸ್ಟರುಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತನ್ನ ತಾಣದಲ್ಲಿ ಹಾಕಿದೆ. ಅವುಗಳಲ್ಲಿ ದೀಕ್ಷಾಸ್ನಾನ, ಮದುವೆಗಳು ಧಾರಾಳ, ಸಮಾಧಿಯ ನಮೂದುಗಳು ವಿರಳ.

ಆದರೂ 1851ರ ಆಸೆಯನ್ನು ಪೂರ್ತಿ ಬಿಡಬೇಡಿ. 1909ರ ಜನವರಿಯಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ ಐದು ಶಿಲಿಂಗ್ ಪಿಂಚಣಿ ಕೊಡತೊಡಗಿದಾಗ, 1864ಕ್ಕೆ ಮುಂಚೆ ಹುಟ್ಟಿದವರ ಬಳಿ ಜನನ ಪತ್ರವಿರಲಿಲ್ಲ. ವಯಸ್ಸನ್ನು ರುಜುಪಡಿಸಲು ಅವರು ತಮ್ಮ ತಂದೆತಾಯಿಯರ ಹೆಸರು, ಬಾಲ್ಯದಲ್ಲಿದ್ದ ಊರನ್ನು ಬರೆದುಕೊಟ್ಟರೆ, ಡಬ್ಲಿನ್ನಿನ ದಾಖಲೆ ಕಚೇರಿಯವರು 1841 ಅಥವಾ 1851ರ ಪುಸ್ತಕ ತೆಗೆದು ನೋಡಿ ಉತ್ತರವನ್ನು ಅರ್ಜಿಯ ಮೇಲೆ ಬರೆಯುತ್ತಿದ್ದರು. ಪುಸ್ತಕಗಳು ಸುಟ್ಟವು, ಆ ಅರ್ಜಿಗಳು ಉಳಿದವು. ನಿಮ್ಮ ನೇರ ಹಿರಿಯರು ಅಷ್ಟು ಕಾಲ ಬದುಕಿರದಿದ್ದರೂ ಅವರ ತಮ್ಮನೋ ತಂಗಿಯೋ ಅರ್ಜಿ ಹಾಕಿರಬಹುದು, ಅದರಲ್ಲಿ ಅದೇ ತಂದೆತಾಯಿಯರ ಹೆಸರಿರುತ್ತದೆ. ಹಾಗೆ ಹುಡುಕುವಾಗ 1901ರಲ್ಲಿ ಐವತ್ತೇಳು ಎಂದವರು 1911ರಲ್ಲಿ ಎಪ್ಪತ್ತೆರಡು ಎಂದಿದ್ದರೆ ಬೇರೆ ಮನುಷ್ಯರೆಂದು ಪಕ್ಕಕ್ಕಿಡಬೇಡಿ; ನಡುವೆ ಬಂದದ್ದು ಪಿಂಚಣಿ.